ಸಾಕಿದ ಜೀಪು

ಚನ್ನಗಿರಿ, ಹೊನ್ನಾಳಿ ಕಡೆಯ ತೋಟದ ಮನೆಗಳಲ್ಲಿ ಹಳೆಯ ವಿಲ್ಲೀಸ್ ಜೀಪು ಇಟ್ಟುಕೊಂಡವರನ್ನು ಬಂದವರು ಕೇಳುವ ಮಾತು ಒಂದೇ: “ಇದನ್ನ ಇನ್ನೂ ಸಾಕ್ತಾ ಇದೀರಾ?” ಹೊಸ ಕಾರಿನವರನ್ನು ಯಾರೂ ಹೀಗೆ ಕೇಳುವುದಿಲ್ಲ. ಹಸು ಸಾಕುತ್ತೇವೆ, ಮಕ್ಕಳನ್ನು ಸಾಕುತ್ತೇವೆ. ಕಬ್ಬಿಣಕ್ಕೂ ಆ ಮಾತು ಒಗ್ಗಿದ್ದು ಹೇಗೆ?

ಜೀಪಿನ ತವರು ಅಮೆರಿಕದ ಟೊಲೆಡೊ. 1941ರಿಂದ ಯುದ್ಧಕ್ಕೆಂದೇ ವಿಲ್ಲೀಸ್ ಕಾರ್ಖಾನೆಯಿಂದ ಲಕ್ಷಗಟ್ಟಲೆ ಹೊರಬಂದ ಗಾಡಿ ಅದು. 1940ರ ದಶಕದ ಕೊನೆಗೆ ಮಹೀಂದ್ರದವರು ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಡಾಡ್ಜ್, ಪ್ಲಿಮತ್ ಕಾರುಗಳೂ ಅದೇ ಊರಿನಲ್ಲಿ ಜೋಡಣೆಗೊಂಡು ಸಿರಿವಂತರ ಅಂಗಳ ಸೇರಿದವು. ಜೀಪು ಕೆಸರಿಗಿಳಿಯಿತು. ಸೈನಿಕರನ್ನು ಹೊರಲು ಹುಟ್ಟಿದ್ದು ಅಡಿಕೆ ಗೊನೆ ಹೊತ್ತಿತು. ನಡುರಾತ್ರಿ ಹೆರಿಗೆ ನೋವಿನ ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ಮುಟ್ಟಿಸಿತು. ಹುಟ್ಟಿದ ಕಾರಣಕ್ಕಾಗಿಯೇ ಬದುಕಬೇಕೆಂದು ಎಲ್ಲಿ ಬರೆದಿದೆ?

ಯುದ್ಧಕಾಲದ ಆ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕು ಇದ್ದದ್ದು ಚಾಲಕನ ಆಸನದ ಕೆಳಗೆ. ಎಣ್ಣೆ ಹಾಕಬೇಕಾದರೆ ಕೂತವನು ಏಳಲೇಬೇಕು, ದಿಂಬು ಎತ್ತಲೇಬೇಕು. ಹಸಿವಾದಾಗ ಯಜಮಾನನನ್ನೇ ಎಬ್ಬಿಸಿ ನಿಲ್ಲಿಸುವ ಗಾಡಿಗೆ ನಾವು ಎಷ್ಟರ ಮಟ್ಟಿಗೆ ಯಜಮಾನರು?

ಎಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸುವುದನ್ನು ಕಲಿಸುವಾಗ ಹಿರಿಯರು ಮೊದಲು ಹೇಳುತ್ತಿದ್ದದ್ದು ಹೆಬ್ಬೆರಳಿನ ವಿಚಾರ. ಮುಷ್ಟಿ ಕಟ್ಟಬಾರದು; ಹೆಬ್ಬೆರಳೂ ಉಳಿದ ನಾಲ್ಕು ಬೆರಳುಗಳ ಮಗ್ಗುಲಿಗೇ ಇರಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಹಿಡಿ ಕೈಯಿಂದ ಜಾರಿ ಹೋಗಬೇಕು. ಬಿಗಿಯಾಗಿ ಹಿಡಿದವನ ಹೆಬ್ಬೆರಳು ಮುರಿದೀತು, ಮಣಿಕಟ್ಟು ಉಳುಕೀತು. ಹಿಡಿಯುವಾಗಲೇ ಬಿಡಲು ಸಿದ್ಧವಾದ ಹಿಡಿತ! ಮಕ್ಕಳ ಮೇಲೆ, ಆಸ್ತಿಯ ಮೇಲೆ, ನಮ್ಮ ಅಭಿಪ್ರಾಯಗಳ ಮೇಲೆ ನಾವು ಕಲಿಯಬೇಕಾದ ಹಿಡಿತವೂ ಇದೇ ಅಲ್ಲವೆ?

ನ್ಯಾಮತಿಯ ಏರಿನಲ್ಲೋ ಜಗಳೂರಿನ ಬಟ್ಟಬಯಲಿನಲ್ಲೋ ಜೀಪು ನಿಂತುಬಿಟ್ಟರೆ, ಕುರಿ ಕಾಯುವವರು ಕೋಲು ಬದಿಗಿಟ್ಟು, ಸೈಕಲ್ಲಿನವರು ಸೈಕಲ್ ಒರಗಿಸಿ ತಳ್ಳಲು ಬರುತ್ತಿದ್ದರು. ಕಾಗದದಲ್ಲಿ ಹೆಸರು ಒಬ್ಬರದೇ ಇರಬಹುದು. ಆದರೆ ತಳ್ಳಿದವರ ಭುಜಕ್ಕೂ ಆ ಗಾಡಿಯ ನೆನಪಿದೆ. ಅವರನ್ನು ಬಿಟ್ಟು ‘ನಮ್ಮ ಜೀಪು’ ಎನ್ನಲು ಬಾಯಿ ಬಂದೀತೆ?

ಆಕ್ಷೇಪವೂ ಸುಳ್ಳಲ್ಲ. ಅದು ಪೆಟ್ರೋಲ್ ಕುಡಿಯುತ್ತದೆ, ಹೊಗೆ ಉಗುಳುತ್ತದೆ, ಬಿಡಿಭಾಗಕ್ಕಾಗಿ ಗುಜರಿ ಗುಜರಿ ಅಲೆಸುತ್ತದೆ. ಆನೆ ಸಾಕಿದ ಹಾಗೆ ಎಂದು ಮನೆಯವರೇ ಗೊಣಗುತ್ತಾರೆ. ಹಳೆಯದನ್ನೆಲ್ಲ ಉಳಿಸುವುದು ಆಗದ ಮಾತು. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳು ಮಿರಮಿರ ಮಿಂಚುತ್ತಿವೆ. ಅವು ಎಲ್ಲರ ಪರವಾಗಿ ಉಳಿದವು. ಮನೆಯಲ್ಲಿ ಉಳಿಯುವುದಕ್ಕೆ ಮಾತ್ರ ದಿನವೂ ಯಾರದೋ ಕೈ ಎಣ್ಣೆಯಾಗಬೇಕು. ಕೊಂಡದ್ದು ಒಂದು ದಿನದ ಕೆಲಸ. ಸಾಕುವುದಕ್ಕೆ ಒಂದು ಆಯುಷ್ಯವೇ ಬೇಕು.

ಕನ್ನಡ ಎಷ್ಟು ಜಾಣ ಭಾಷೆ! ಪೊರೆಯುವುದಕ್ಕೂ ‘ಸಾಕು’ ಎಂದಿತು, ತೃಪ್ತಿಗೂ ‘ಸಾಕು’ ಎಂದಿತು. ‘ಬೇಕು’ ಎಂದು ತಂದದ್ದನ್ನು ಸಾಕುತ್ತ ಸಾಕುತ್ತ ನಾವು ಆ ಎರಡನೆಯ ಅರ್ಥಕ್ಕೆ ಬಂದು ಮುಟ್ಟುತ್ತೇವೇನೋ.

ಆಯುಧಪೂಜೆಯ ದಿನ ಅದಕ್ಕೂ ಬಾಳೆಕಂದು, ಚೆಂಡುಹೂವು. ನಾಲ್ಕು ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು. ಮಕ್ಕಳು ಹತ್ತಿ ಕೂರುತ್ತಾರೆ, ಅಜ್ಜ ಹ್ಯಾಂಡಲ್ ಹಾಕುತ್ತಾನೆ, ಹೆಬ್ಬೆರಳು ಹೊರಗಿಟ್ಟು. ಜೀಪು ಕೆಮ್ಮಿ, ನಿಂಬೆಹಣ್ಣು ಚಚ್ಚಿ, ಎರಡು ಮಾರು ಮುಂದೆ ಹೋಗಿ ನಿಲ್ಲುತ್ತದೆ. ಅಂಗಳದಲ್ಲಿ ನಿಂತವರಿಗೆ ಅಷ್ಟೇ ಸಾಕು.