ವಾಹನ, ಅಲಂಕಾರ ಮತ್ತು ನೆರೆಯವನ ಹಕ್ಕು

ಹದಿನಾರು ವರ್ಷಗಳ ಕಾಲ ನಮ್ಮ ಮನೆಯ ಮುಂದೆ ಒಂದು ಮಾರುತಿ 800 ನಿಂತಿರುತ್ತಿತ್ತು. 2004ರ ಮಾದರಿ, 2008ರಲ್ಲಿ ಮೈಸೂರಿನ ಓರ್ವರಿಂದ ಕೊಂಡದ್ದು. ಹದಿನೈದು ವರ್ಷ ತುಂಬಿದಾಗ ಒಮ್ಮೆ ನೋಂದಣಿ ನವೀಕರಿಸಿದ್ದೆ. ಆ ಐದು ವರ್ಷಗಳ ಅವಧಿಯೂ ಮುಗಿಯುತ್ತ ಬಂದಾಗ, 2024ರಲ್ಲಿ, ಅದನ್ನು ಮಾರಿ ನಾಲ್ಕು ವರ್ಷ ಓಡಿದ ಬೇರೊಂದು ಕಾರನ್ನು ತಂದೆವು. ಬಡ್ಡಿಯ ಸಾಲಕ್ಕೆ ಹೋಗಲಿಲ್ಲ. ಕೈಯಲ್ಲಿದ್ದ ಉಳಿತಾಯಕ್ಕೆ ಭಾವನವರು ಕೊಟ್ಟ ಕೈಗಡ ಸೇರಿತು. ಕಾರು ಹೊಸದೇನೂ ಅಲ್ಲ. ಆದರೆ ತೆರಕಣಾಂಬಿಯ ನಮ್ಮ ಬೀದಿಗೆ ಅದು ಹೊಸದೇ ಆಗಿತ್ತು.

ಹಳೆಯದನ್ನು ಬೇಗೂರಿನ ಕಡೆಯ ಓರ್ವ ಯುವಕನಿಗೆ ಮಾರುವಾಗ ಅದರ ದೋಷಗಳನ್ನು ನಾನೇ ಎಣಿಸಿ ಹೇಳಿದೆ. ಮಳೆ ಬಂದರೆ ಹಿಂಬದಿಯ ಎಡ ಬಾಗಿಲಿನಿಂದ ನೀರು ಒಳಬರುತ್ತದೆ, ಏರು ಹತ್ತುವಾಗ ಎಂಜಿನ್ ಬಿಸಿಯಾಗುತ್ತದೆ ಎಂದೆ. ಅವನು ಕೂಡಲೇ ನಾಲ್ಕು ಸಾವಿರ ಇಳಿಸಿದ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿ, ಒಳಗೆ ತೇವವಿರುವುದನ್ನು ಕಂಡು, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಪ್ರವಾದಿವರ್ಯರು(ಸ) ವ್ಯಾಪಾರಿಯನ್ನು ಕೇಳಿದ ಘಟನೆ ನಮಗೆಲ್ಲ ತಿಳಿದಿದೆ. ಆರ್.ಸಿ.ಯ ಹೆಸರು ಬದಲಾವಣೆಯ ಅರ್ಜಿಗಳಿಗೆ ಸಹಿ ಹಾಕಿ, ಚಾಮರಾಜನಗರದ ಆರ್.ಟಿ.ಓ. ಕಚೇರಿಗೆ ನಾನೇ ಅವನೊಂದಿಗೆ ಹೋದೆ. ನಮ್ಮಲ್ಲಿ ಅನೇಕರು ಇದನ್ನು ಬಾಯಿಮಾತಿನಲ್ಲಿ ಬಿಟ್ಟುಬಿಡುತ್ತಾರೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿರುವುದು ಅವರಿಗೆ ತಿಳಿದಿರಲಾರದು. ಇರಲಿ. ಈ ವ್ಯವಹಾರ ಮುಗಿಸಿ ಬಂದ ದಿನ ನನಗೆ ನನ್ನ ಬಗ್ಗೆ ಬಹಳ ತೃಪ್ತಿಯಿತ್ತು. ಆ ತೃಪ್ತಿಯ ಮಾತನ್ನು ಇಲ್ಲಿ ಹೇಳಲು ಕಾರಣವಿದೆ.

ಹೊಸ ಗಾಡಿಗೆ ಹೊಂದಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಕ್ಲಚ್ ಎಷ್ಟು ಹಗುರವೆಂದರೆ, ಹಳೆಯ ಅಭ್ಯಾಸದ ಕಾಲು ಅದನ್ನು ಹದವಾಗಿ ಬಿಡಲಾರದೆ ಮೊದಲ ವಾರವೆಲ್ಲ ಎಂಜಿನ್ ನಿಂತು ನಿಂತು ಹೋಗುತ್ತಿತ್ತು. ಇದು ಹಳೆಯದಕ್ಕಿಂತ ಅಗಲ. ಆದ್ದರಿಂದ ನಮ್ಮ ಓಣಿಯ ತಿರುವಿನಲ್ಲಿ ಉಸಿರು ಬಿಗಿಹಿಡಿದೇ ತಿರುಗಿಸಬೇಕು. ಬೆಲ್ಟ್ ಹಾಕದಿದ್ದರೆ ಕೂಗುತ್ತದೆ, ಹಿಂದಕ್ಕೆ ತೆಗೆದರೆ ಕೂಗುತ್ತದೆ, ಗಂಟೆಗೆ 80 ಕಿ.ಮೀ. ದಾಟಿದರೂ ಕೂಗುತ್ತದೆ. 2019ರ ಜುಲೈಯಿಂದ ತಯಾರಾಗುವ ಕಾರುಗಳಲ್ಲಿ ಇವೆಲ್ಲ ಕಡ್ಡಾಯ. "ಇದಕ್ಕೆ ನಿನ್ನ ಅಬ್ಬಾನ ಬುದ್ಧಿ ಬಂದಿದೆ ಬೇಟಾ, ಸುಮ್ಮನೆ ಕೂರಲು ಬಿಡುವುದಿಲ್ಲ" ಎಂದು ಅಮ್ಮಿ ನಕ್ಕರು. ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೆ ಮದುವೆಗೆಂದು ಹೋಗಿ, ರಾತ್ರಿ 9ಕ್ಕೆ ಗೇಟು ಮುಚ್ಚುವ ಮುನ್ನ ಕಾಡು ದಾಟಿ ಬಂದಾಗ ಅವರ ಸೊಂಟ ನೋಯಲಿಲ್ಲವೆಂಬುದೂ ನಿಜ. ಅಲ್‌ಹಮ್ದುಲಿಲ್ಲಾಹ್.

ಆದರೆ ನನ್ನಲ್ಲಿ ಇನ್ನೊಂದು ಬದಲಾವಣೆಯೂ ಆಗುತ್ತಿತ್ತು. ಒಕ್ಕಣೆಯ ಕಾಲದಲ್ಲಿ ನಮ್ಮ ಕಡೆಯ ರೈತರು ಹುರುಳಿಯನ್ನು ರಸ್ತೆಯ ಮೇಲೆ ಹರಡುತ್ತಾರೆ. ಹಳೆಯ ಕಾರಿನಲ್ಲಿ ನಾನು ಅದರ ಮೇಲೆಯೇ ಹಾಯ್ದು ಹೋಗುತ್ತಿದ್ದೆ. ಈಗ ನಿಲ್ಲಿಸಿ ಗೊಣಗತೊಡಗಿದೆ. ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಬೆಂಕಿ ಹತ್ತುವ ಅಪಾಯವಿದೆ, ದ್ವಿಚಕ್ರದವರು ಜಾರಿ ಬೀಳುತ್ತಾರೆ ಎಂದು ರೈತರಿಗೆ ಉಪದೇಶಿಸಿದೆ. ಉಪದೇಶ ಸರಿಯಾದುದೇ. ಆದರೆ ಆ ಅಪಾಯ ಹಳೆಯ ಕಾರಿಗೂ ಇತ್ತಲ್ಲ! ಹದಿನಾರು ವರ್ಷ ಇಲ್ಲದ ಕಾಳಜಿ ನನಗೆ ಎಲ್ಲಿಂದ ಬಂತು?

ಮುಂದೆ ಒಂದು ಸಂತೆಯ ದಿನ ನೆರೆಮನೆಯ ಹಿರಿಯರ ಮೊಮ್ಮಗನ ಸೈಕಲ್ ಹ್ಯಾಂಡಲ್ ತಾಗಿ ಬಾಗಿಲ ಮೇಲೆ ಗೇಣುದ್ದ ಗೀರು ಬಿತ್ತು. ನಾನು ಕೂಗಾಡಿದ್ದನ್ನು ಬೀದಿಯೆಲ್ಲ ಕೇಳಿತು. ಒಂಬತ್ತು ವರ್ಷದ ಮಗು ಬೆವರಿ ನಿಂತಿತ್ತು. ಮಾರುತಿಯ ಮೈಮೇಲೆ ಇಂಥ ಗೀರುಗಳು ಎಷ್ಟಿದ್ದವೋ ನಾನು ಎಣಿಸಿದವನಲ್ಲ.

ಇದಾಗಿ ಮೂರು ವಾರಗಳ ನಂತರ, ನಡುರಾತ್ರಿ ಆ ಹಿರಿಯರ ಹೆಂಡತಿಗೆ ಹೊಟ್ಟೆನೋವು ಬಂತು. ಅವರು ಬೀದಿಯ ತುದಿಯ ಗೂಡ್ಸ್ ಆಟೋದವನನ್ನು ಎಬ್ಬಿಸಿ, ಹಿಂಬದಿಯಲ್ಲಿ ಗೋಣಿಚೀಲ ಹಾಸಿ, ಆಕೆಯನ್ನು ಮಲಗಿಸಿಕೊಂಡು ಗುಂಡ್ಲುಪೇಟೆಯ ಆಸ್ಪತ್ರೆಗೆ ಹೋದರು. ನಮ್ಮ ಕಾರು ಅವರ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಬೆಳಗ್ಗೆ ವಿಷಯ ತಿಳಿದು ಆಸ್ಪತ್ರೆಗೆ ಹೋದೆ. ದೇವರ ದಯೆಯಿಂದ ಆಕೆ ಚೇತರಿಸಿಕೊಂಡಿದ್ದರು. "ನನ್ನನ್ನು ಯಾಕೆ ಎಬ್ಬಿಸಲಿಲ್ಲ?" ಎಂದೆ. ಅವರು ಸಂಕೋಚದಿಂದ ಹೇಳಿದ್ದು ಇಷ್ಟೇ: "ಹೊಸ ಕಾರಲ್ವಾ ಸಾಬ್ರೇ, ವಾಂತಿ ಮಾಡ್ಕತಿದ್ಲು, ಗಲೀಜಾಯ್ತದ ಅಂತ ಕೇಳ್ನಿಲ್ಲ."

ಹಳೆಯ ಕಾರಿನಲ್ಲಿ ಇದೇ ಮನೆಯ ಇಬ್ಬರು ಸೊಸೆಯರನ್ನು ಹೆರಿಗೆಗೆ ಕರೆದೊಯ್ದಿದ್ದೇನೆ. ಆಗ ಅವರು ಕದ ತಟ್ಟಲು ಎಂದೂ ಹಿಂಜರಿದಿರಲಿಲ್ಲ.

ಈ ಸಂಗತಿಯನ್ನು ನಾನು ಓರ್ವ ಗೆಳೆಯರಿಗೆ ತಿಳಿಸಿದಾಗ ಅವರು, "ಇದರಲ್ಲಿ ನಿಮ್ಮ ತಪ್ಪೇನಿದೆ? ಕೇಳಿದ್ದರೆ ನೀವು ಇಲ್ಲವೆನ್ನುತ್ತಿರಲಿಲ್ಲ. ಕೇಳದವನ ಸಂಕೋಚಕ್ಕೆ ನೀವು ಹೊಣೆಯಲ್ಲ. ಅಲ್ಲದೆ ವಾಹನವೂ ಒಂದು ಅಮಾನತ್ತು; ಅದನ್ನು ಜೋಪಾನ ಮಾಡುವುದು ಕರ್ತವ್ಯ" ಎಂದರು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಳ್ಳೆಯ ವಸ್ತುವನ್ನು ಇಷ್ಟಪಡುವುದು ಪಾಪವಲ್ಲ. ಸೂರಃ ಅನ್ನಹ್ಲ್‌ನಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳ ಪ್ರಸ್ತಾಪ ಬರುವಲ್ಲಿ ಅವು ಸವಾರಿಗೆಂದು ಮಾತ್ರವಲ್ಲ, ಅಲಂಕಾರವಾಗಿಯೂ ಸೃಷ್ಟಿಯಾಗಿವೆ ಎಂಬ ಆಶಯವಿದೆ. ತನ್ನ ಬಟ್ಟೆ, ಪಾದರಕ್ಷೆಗಳು ಚೆನ್ನಾಗಿರಲೆಂದು ಬಯಸುವವನ ಬಗ್ಗೆ ಕೇಳಿದಾಗ ಪ್ರವಾದಿವರ್ಯರು(ಸ) ಆ ಬಯಕೆಯನ್ನು ಅಹಂಕಾರವೆನ್ನಲಿಲ್ಲ. ಸತ್ಯವನ್ನು ನಿರಾಕರಿಸುವುದನ್ನೂ ಜನರನ್ನು ತುಚ್ಛವಾಗಿ ಕಾಣುವುದನ್ನೂ ಅಹಂಕಾರವೆಂದರು. ನಾನು ಆ ಹಿರಿಯರನ್ನು ತುಚ್ಛವಾಗಿ ಕಂಡೆನೇ? ಇಲ್ಲವೆಂದೇ ನನ್ನ ಮನಸ್ಸು ಹೇಳುತ್ತದೆ.

ಹಾಗಿದ್ದರೂ ಗೆಳೆಯರ ಉತ್ತರ ನನಗೆ ಸಾಕಾಗಲಿಲ್ಲ. ಅಬೂ ಸಈದುಲ್ ಖುದ್ರಿ(ರ) ವರದಿ ಮಾಡಿರುವ ಒಂದು ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಒಂದು ಪ್ರಯಾಣದಲ್ಲಿ ಓರ್ವ ವ್ಯಕ್ತಿ ತನ್ನ ಸವಾರಿಯ ಮೇಲೆ ಬಂದು ಎಡಕ್ಕೂ ಬಲಕ್ಕೂ ನೋಡತೊಡಗಿದ. ಆಗ ಪ್ರವಾದಿವರ್ಯರು(ಸ), ಹೆಚ್ಚುವರಿ ಸವಾರಿಯುಳ್ಳವರು ಇಲ್ಲದವರಿಗೆ ಕೊಡಲಿ ಎಂಬ ಆಶಯದ ಮಾತು ಹೇಳಿದರು. ಹಾಗೆಯೇ ಸಂಪತ್ತಿನ ಬೇರೆ ಬೇರೆ ಬಗೆಗಳನ್ನು ಹೆಸರಿಸುತ್ತ ಹೋದರು. ಕೊನೆಗೆ, ಅಗತ್ಯಕ್ಕಿಂತ ಹೆಚ್ಚಿನದರಲ್ಲಿ ತಮಗೆ ಯಾವ ಹಕ್ಕೂ ಇಲ್ಲವೇನೋ ಎಂದು ಸಹಾಬಿಗಳಿಗೆ ಅನಿಸಿತು. ಈ ಹದೀಸನ್ನು ಉಲ್ಲೇಖಿಸುವಾಗ ನಾವು ಸಾಮಾನ್ಯವಾಗಿ ದಾನದ ಭಾಗಕ್ಕೆ ಒತ್ತು ಕೊಡುತ್ತೇವೆ. ನನ್ನ ಗಮನ ಈಗ ಅದರ ಆರಂಭದ ಮೇಲೆ ನಿಂತಿದೆ. ಬಂದವನು ಏನಾದರೂ ಕೇಳಿದನೆಂದು ಅದರಲ್ಲಿ ಇಲ್ಲ. ಅವನು ಸುಮ್ಮನೆ ಅತ್ತಿತ್ತ ನೋಡಿದ, ಅಷ್ಟೇ.

ಅಂದರೆ ಕೇಳುವ ತನಕ ಕಾಯುವುದು ಅಲ್ಲಿನ ರೀತಿಯಾಗಿರಲಿಲ್ಲ. ನನ್ನ ವಿಷಯದಲ್ಲಾದರೋ ಅದಕ್ಕಿಂತ ಕೆಟ್ಟದ್ದು ನಡೆದಿತ್ತು. ಸೀಟುಗಳ ಪ್ಲಾಸ್ಟಿಕ್ ಹೊದಿಕೆಯನ್ನು ನಾನು ಕಿತ್ತಿರಲಿಲ್ಲ. ಪ್ರತಿದಿನ ಬೆಳಗ್ಗೆ ಬೀದಿಯಲ್ಲಿ ನಿಂತು ಗಾಡಿ ಒರೆಸುತ್ತಿದ್ದೆ. ಹತ್ತುವ ಮಕ್ಕಳಿಗೆ "ಕಾಲು ಒರೆಸಿಕೊಳ್ಳಿ" ಎನ್ನುತ್ತಿದ್ದೆ. ಆ ಮಗುವಿನ ಮೇಲೆ ಕೂಗಾಡಿದ್ದೆ. ಇವೆಲ್ಲವನ್ನೂ ಆ ಹಿರಿಯರು ತಮ್ಮ ಜಗುಲಿಯಲ್ಲಿ ಕುಳಿತು ನೋಡಿದ್ದರು. 'ಕೇಳಬೇಡ' ಎಂದು ನಾನು ನಾಲಗೆಯಿಂದ ಹೇಳಿರಲಿಲ್ಲ, ಆದರೆ ಎರಡು ತಿಂಗಳಿನಿಂದ ಹೇಳುತ್ತಲೇ ಬಂದಿದ್ದೆ. ಅವರ ಸಂಕೋಚ ಅವರ ಸ್ವಭಾವದಿಂದ ಹುಟ್ಟಿದ್ದಾಗಿದ್ದರೆ ಗೆಳೆಯರ ಮಾತು ಸರಿಯಾಗುತ್ತಿತ್ತು. ಅದನ್ನು ಹುಟ್ಟಿಸಿದವನು ನಾನು. ಬೇಗೂರಿನ ಅಪರಿಚಿತನಿಗೆ ನಾಲ್ಕು ಸಾವಿರ ಬಿಟ್ಟುಕೊಟ್ಟ ಪ್ರಾಮಾಣಿಕತೆ ನನ್ನನ್ನು ಇದರಿಂದ ತಡೆಯಲಿಲ್ಲ. ಬಹುಶಃ ಆ ತೃಪ್ತಿಯೇ ನನ್ನ ಕಣ್ಣನ್ನು ಮುಚ್ಚಿತ್ತು.

ಜೋಪಾನದ ಮಾತಿಗೂ ಉತ್ತರವಿದೆ. ಇತರರನ್ನು ಕೂರಿಸಿಕೊಳ್ಳುವವನು ಬ್ರೇಕು, ಟೈರು ಸರಿಯಾಗಿಟ್ಟುಕೊಳ್ಳಬೇಕು. ಕಾನೂನಿಗೆ ಬೇಕಾದ ಕನಿಷ್ಠ ವಿಮೆಯಲ್ಲಿ ಕಾರಿನೊಳಗೆ ಉಚಿತವಾಗಿ ಕುಳಿತವರಿಗೆ ರಕ್ಷಣೆಯಿರುವುದಿಲ್ಲ, ಸಮಗ್ರ ಪಾಲಿಸಿಯಲ್ಲಿರುತ್ತದೆ. (ವಿಮೆಯ ಬಗ್ಗೆ ವಿದ್ವಾಂಸರಲ್ಲಿರುವ ಚರ್ಚೆ ಬೇರೆ, ಕಾನೂನು ಕಡ್ಡಾಯ ಮಾಡಿರುವಾಗ ನಾನು ಸಮಗ್ರವಾದುದನ್ನೇ ಆರಿಸಿದೆ.) ಇದು ಅಮಾನತ್ತಿನ ಜೋಪಾನ. ಬೆಳಗಿನ ಒರೆಸುವಿಕೆಯನ್ನು ಅದೇ ಹೆಸರಿನಿಂದ ಕರೆಯಲು ನನಗೆ ಧೈರ್ಯ ಸಾಲದು.

ವಾಹನವೇರುವಾಗ ನಾವು ಹೇಳುವ, ಗಾಜಿನ ಮೇಲೂ ಅಂಟಿಸಿಕೊಳ್ಳುವ ಪ್ರಾರ್ಥನೆ ಸೂರಃ ಅಝ್ಝುಖ್‌ರುಫ್‌ನದು. ಇದನ್ನು ಅಧೀನಪಡಿಸಿಕೊಳ್ಳುವ ಶಕ್ತಿ ನಮಗಿರಲಿಲ್ಲ ಎಂಬ ಒಪ್ಪಿಗೆ ಅದರಲ್ಲಿದೆ, ಮರಳಿಹೋಗುವ ನೆನಪೂ ಇದೆ. ಆ ಎರಡು ತಿಂಗಳೂ ನಾನು ಅದನ್ನು ತಪ್ಪದೆ ಹೇಳಿದ್ದೆ. ಯಾರು ಯಾರಿಗೆ ಅಧೀನವಾಗಿದ್ದರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಪ್ಲಾಸ್ಟಿಕ್ ಕಿತ್ತೆಸೆದೆ. ಆ ಹುಡುಗನಲ್ಲಿ ಕ್ಷಮೆ ಕೇಳಿದೆ. ಅವನು ಮರುದಿನವೇ ಮರೆತ. ಗೀರನ್ನು ಹಾಗೆಯೇ ಬಿಟ್ಟಿದ್ದೇನೆ, ಬಣ್ಣಕ್ಕೆ ಕೇಳಿದ ಹಣ ಹೆಚ್ಚಾಯಿತೆಂಬುದೂ ಅದಕ್ಕೊಂದು ಕಾರಣ. ಹಿರಿಯರ ವಿಷಯ ಅಷ್ಟು ಸುಲಭವಾಗಲಿಲ್ಲ. ಈಗ ಗುಂಡ್ಲುಪೇಟೆಗೆ ಹೊರಡುವ ಮುನ್ನ ನಾನೇ ಅವರ ಜಗುಲಿಗೆ ಹೋಗಿ ಕೇಳುತ್ತೇನೆ. ಹಲವು ಸಲ ಬೇಡವೆಂದರು. ಕಳೆದ ತಿಂಗಳು ಹೆಂಡತಿಯ ಔಷಧಿ ತರಬೇಕಾಗಿದ್ದುದರಿಂದ ಒಪ್ಪಿ ಬಂದರು. ಮುಂದಿನ ಸೀಟಿನಲ್ಲಿ ಕುಳಿತವರು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಕೆಳಗಿಡಿ ಎಂದು ಎರಡು ಸಲ ಹೇಳಿದೆ. ಗುಂಡ್ಲುಪೇಟೆ ಬರುವ ತನಕ ಅವರು ಇಡಲಿಲ್ಲ.