ಕ್ವಾಟಿಯೊಳಗ ಏನೈತ್ರಿ?

ಕವಿತಾಳದಲ್ಲಿ ಬಾಡಿಗೆ ಕಾರು ಹಿಡಿಯುವುದಕ್ಕೆ ಕಾರಣಗಳು ಬೆರಳೆಣಿಕೆಯವು. ಬೀಗರ ಮನೆ, ಮಂತ್ರಾಲಯ, ಗುರುಗುಂಟಾ ಅಮರೇಶ್ವರ, ರಾಯಚೂರಿನ ದವಾಖಾನೆ. ಇವುಗಳಲ್ಲಿ ಯಾವುದನ್ನು ಹೇಳಿದರೂ ಡ್ರೈವರ್ ಮರುಮಾತಾಡುವುದಿಲ್ಲ. ಎಷ್ಟು ಗಂಟೆಗೆ ಬರಲಿ ಅಂತಷ್ಟೇ ಕೇಳುತ್ತಾನೆ. ಕೋಟೆ ನೋಡುವುದಕ್ಕೆ ಅಂದರೆ ಮಾತ್ರ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಆಮೇಲೆ ಬರುತ್ತದೆ: “ಕ್ವಾಟಿ ನೋಡಾಕ ಬಾಡಿಗಿ ಕಾರ್ ಯಾಕ್ರಿ ಸರ? ಏನೈತ್ರಿ ಅಲ್ಲಿ?”

ಇದನ್ನು ಉಡಾಫೆಯ ಮಾತು ಅಂದುಕೊಳ್ಳಬಾರದು. ಗುಡಿಗೆ ಹೋದವರು ಕಾಯಿ ಒಡೆಸಿಕೊಂಡು ಬರುತ್ತಾರೆ, ದವಾಖಾನೆಗೆ ಹೋದವರು ಗುಳಿಗೆ ತರುತ್ತಾರೆ, ಬೀಗರ ಮನೆಗೆ ಹೋದವರು ಉಂಡು ಬರುತ್ತಾರೆ. ಕೋಟೆಗೆ ಹೋದವರು ಏನು ತರುತ್ತಾರೆ? ಯಾರನ್ನು ಹೊರಗಿಡಲು ಕಟ್ಟಿದ್ದೋ ಅವರೂ ಇಲ್ಲ, ಒಳಗೆ ಕೂತು ಕಾಯುತ್ತಿದ್ದವರೂ ಇಲ್ಲ. ಕಾವಲು ಮುಗಿದ ಮೇಲೆ ಉಳಿದ ಗೋಡೆಯನ್ನು ದುಡ್ಡು ಕೊಟ್ಟು, ಡೀಸೆಲ್ ಸುಟ್ಟು ನೋಡಿಬರುವ ಈ ಹಂಬಲವಾದರೂ ಏನು?

ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನೆಲ ನಮ್ಮದು. ಕವಿತಾಳದಿಂದ ಸಿರವಾರದ ಮೇಲೆ ಪೂರ್ವಕ್ಕೆ ಹೋದರೆ ರಾಯಚೂರು ಕೋಟೆ, ಅಲ್ಲಿಂದ ತುಸು ದೂರದಲ್ಲಿ ಕಲ್ಲಾನೆಗಳ ಮಲಿಯಾಬಾದ್. ಪಶ್ಚಿಮಕ್ಕೆ ತಿರುಗಿದರೆ ಹಟ್ಟಿಯ ಚಿನ್ನದ ಗಣಿ ದಾಟಿ ಲಿಂಗಸುಗೂರು, ಮುದಗಲ್ಲು, ಕೃಷ್ಣೆಯ ನಡುಗಡ್ಡೆಯ ಜಲದುರ್ಗ. ದೇವದುರ್ಗದ ಆಚೆ ಹೊಳೆ ದಾಟಿದರೆ ಸುರಪುರ. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬೇಕಾದರೆ ಪೂರ್ವವನ್ನೋ ಪಶ್ಚಿಮವನ್ನೋ ಒಂದನ್ನು ಆರಿಸಿಕೊಳ್ಳಬೇಕು. ಎರಡೂ ಒಂದೇ ದಿನಕ್ಕೆ ಅಂದರೆ ಗೋಡೆಗಳು ಕಿಟಕಿಯಲ್ಲೇ ಸರಿದುಹೋಗುತ್ತವೆ.

ಮಾನ್ವಿ ಕಡೆಯ ಗೆಳೆಯರೊಬ್ಬರ ಮಗ ಡಬ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಪ್ಪ ಅವ್ವ ಹೋದಾಗ ಡ್ರೈವರ್ ಸಮೇತ ಕಾರು ಗೊತ್ತುಮಾಡಿ ಕೋಟೆಗಳನ್ನು ತೋರಿಸಿದನಂತೆ. ತಿರುಗಿ ಬಂದ ಗೆಳೆಯರು ಕೋಟೆಗಿಂತ ಹೆಚ್ಚು ಆ ಡ್ರೈವರನ ಬಗ್ಗೆಯೇ ಮಾತಾಡಿದರು. ದಾರಿಯುದ್ದಕ್ಕೂ ಕಥೆ ಹೇಳುತ್ತಿದ್ದ, ಒಳಗೂ ಬಂದ, ಅಜ್ಜ ಮುತ್ತಜ್ಜಂದಿರು ಕಂಡದ್ದನ್ನು ಹೇಳುವ ಹಾಗೆ ಹೇಳಿದ. ಅಲ್ಲಿ ಇಂಥವರನ್ನು ಡ್ರೈವರ್-ಗೈಡ್ ಅನ್ನುತ್ತಾರೆ. ಕಥೆಯೂ ಬಾಡಿಗೆಯಲ್ಲೇ ಸೇರಿರುತ್ತದೆ. ಡಬ್ಲಿನ್ ಪಕ್ಕದ ಮಾಲಹೈಡ್ ಕೋಟೆ 1185ರಲ್ಲಿ ಟಾಲ್ಬಟ್ ಮನೆತನಕ್ಕೆ ಸಿಕ್ಕ ಜಹಗೀರು. ನಡುವೆ ಕ್ರಾಮ್‌ವೆಲ್ ಕಾಲದ ಕೆಲವು ವರ್ಷ ಬಿಟ್ಟರೆ 1970ರ ದಶಕದವರೆಗೂ ಅದೇ ಮನೆತನ ಅದೇ ಗೋಡೆಗಳ ನಡುವೆ ಬದುಕಿತು. ಹೆಚ್ಚುಕಡಿಮೆ ಎಂಟುನೂರು ವರ್ಷ! ಅಂಥ ಕೋಟೆಗೆ ಒಂದು ಮನೆಯ ಕಥೆ ಇರುತ್ತದೆ. ಅಜ್ಜಿಯ ಕುರ್ಚಿ, ಮೊಮ್ಮಗನ ಪಟ, ಊಟದ ಮೇಜು, ಎಲ್ಲಕ್ಕೂ ಹೆಸರುಂಟು. ಹೇಳುವವನಿಗೆ ಹಿಡಿಯಲು ಎಳೆ ಸಿಗುತ್ತದೆ.

ಎರಡು ಹೊಳೆಗಳ ನಡುವಿನ ನಮ್ಮ ದೋಆಬದಲ್ಲಿ ಆ ಎಳೆ ಇಲ್ಲ. ರಾಯಚೂರು ಕಾಕತೀಯರದಾಯಿತು, ಬಹಮನಿಗಳದಾಯಿತು, ವಿಜಯನಗರದ್ದಾಯಿತು, ಬಿಜಾಪುರದ್ದಾಯಿತು, ಮೊಗಲರದು, ನಿಜಾಮರದು. 1853ರಿಂದ ಕೆಲವು ವರ್ಷ ಬ್ರಿಟಿಷರ ವಶದಲ್ಲಿದ್ದು ಮತ್ತೆ ನಿಜಾಮನ ಕೈಗೆ ಬಂತು. ಕೋಟೆ ಯಾರದೆಂದು ಕೇಳಿದರೆ ಯಾವ ವರ್ಷದ ಮಾತು ಅಂತ ತಿರುಗಿ ಕೇಳಬೇಕು. 1406ರ ಮುದಗಲ್ಲಿನ ಯುದ್ಧವನ್ನು ಚರಿತ್ರೆಕಾರ ಫೆರಿಶ್ತಾ ಒಬ್ಬ ಅಕ್ಕಸಾಲಿಗನ ಮಗಳ ಕಥೆಯಾಗಿ ಹೇಳುತ್ತಾನೆ. ಅವಳನ್ನು ಬಯಸಿ ವಿಜಯನಗರದ ಒಂದನೆಯ ದೇವರಾಯ ದಂಡು ಕಳಿಸಿದ, ಹುಡುಗಿಯ ಮನೆಯವರು ಓಡಿಹೋದರು, ಬರಿಗೈಲಿ ತಿರುಗಿದ ದಂಡು ದಾರಿಯ ಹಳ್ಳಿಗಳನ್ನು ಸೂರೆಮಾಡಿತು, ಅದಕ್ಕೆ ಬಹಮನಿ ಸುಲ್ತಾನ ಫಿರೋಜ್ ಶಹಾ ಏರಿಬಂದ. ಹುಡುಗಿಯ ಹೆಸರನ್ನು ಇಂದಿಗೂ ಹೇಳುತ್ತಾರೆ, ರಾಜರ ಹೆಸರನ್ನೂ ಹೇಳುತ್ತಾರೆ. ಸೂರೆಹೋದ ಹಳ್ಳಿಗಳ ಹೆಸರು ಹೇಳುವವರನ್ನು ನಾನು ಕಂಡಿಲ್ಲ. ಕವಿತಾಳದಂಥ ಊರುಗಳ ಪಾಲಿಗೆ ಇತಿಹಾಸ ಅಂದರೆ ಹೆಚ್ಚಾಗಿ ದಾರಿಯಲ್ಲಿ ಸಿಕ್ಕುವುದು.

ಈ ನೆಲವನ್ನೂ ಐರ್ಲೆಂಡನ್ನೂ ಜೋಡಿಸಿದವನೊಬ್ಬ ಇದ್ದ. ಸುರಪುರದ ಬಾಲರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನ ನೋಡಿಕೊಂಡ ಮೆಡೋಸ್ ಟೇಲರ್, ಹುಡುಗ ‘ಅಪ್ಪಾ’ ಎಂದೇ ಕರೆಯುತ್ತಿದ್ದ ಸಾಹೇಬ, ನಿವೃತ್ತನಾಗಿ ಡಬ್ಲಿನ್ನಿನ ಹೆರಾಲ್ಡ್ಸ್ ಕ್ರಾಸ್‌ನಲ್ಲಿ ನೆಲೆಸಿದ. ಸುರಪುರ ಸೀಮೆಯ ರಾಜನಕೋಳೂರಿನ ಸುತ್ತ ತಾನು ಅಳೆದು ಬರೆದುಕೊಂಡಿದ್ದ ಬೃಹತ್ ಶಿಲಾಯುಗದ ಕಲ್ಲುಮನೆಗಳ ವಿವರವನ್ನು ರಾಯಲ್ ಐರಿಶ್ ಅಕಾಡೆಮಿಯ ಮುಂದಿಟ್ಟ. ಆ ದೇಶದ ಬಯಲುಗಳಲ್ಲೂ ಅಂಥವೇ ಕಲ್ಲುಗಳಿದ್ದವು. ಇಲ್ಲಿಯವೂ ಅಲ್ಲಿಯವೂ ಒಂದೇ ಬಗೆಯವಲ್ಲವೇ ಅಂತ ಅವನ ವಾದ. ಇವನ್ನು ನಿಲ್ಲಿಸಿದ ಜನ ಒಂದೇ ಮೂಲದವರು ಅನ್ನುವ ಅವನ ಊಹೆಯನ್ನು ಈಗ ಯಾರೂ ಒಪ್ಪುವುದಿಲ್ಲ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು: ಕೋಟೆಗಳಿಂದ ತುಂಬಿದ ಸೀಮೆಯಲ್ಲಿ ಹತ್ತಾರು ವರ್ಷ ಅಧಿಕಾರ ನಡೆಸಿದವನು ಅಷ್ಟು ದೂರ ಹೊತ್ತೊಯ್ದದ್ದು ಯಾವ ರಾಜನೂ ಕಟ್ಟದ ಕಲ್ಲುಗಳ ಸುದ್ದಿಯನ್ನು.

ಇನ್ನು ನಮ್ಮ ಬಾಡಿಗೆ ಕಾರಿನ ವಿಚಾರ. ದಿನಕ್ಕೆ ಇಷ್ಟು, ಕಿಲೋಮೀಟರ್ ಮೀರಿದರೆ ಇಷ್ಟು, ಬಾಟಾ ಬೇರೆ, ಟೋಲು ನಿಮ್ಮದು. ಒಪ್ಪಂದ ಕುದುರಿದ ಕೂಡಲೇ ಹಿಂದಿನ ಸೀಟಿನಲ್ಲಿ ಕೂತವನಿಗೆ ಒಂದು ದಿನದ ದೊರೆತನ ಬಂದುಬಿಡುತ್ತದೆ. ನಿಲ್ಲು ಅಂದಲ್ಲಿ ನಿಲ್ಲುತ್ತದೆ, ಹೊರಡು ಅಂದಾಗ ಹೊರಡುತ್ತದೆ. (ನಮ್ಮ ಕಡೆ ಒಬ್ಬನೇ ಹೋಗುವವನು ಮುಂದೆ, ಡ್ರೈವರನ ಪಕ್ಕ ಕೂರುವುದೇ ರೂಢಿಯಾಗಿತ್ತು. ಹಿಂದೆ ಕೂರುವುದನ್ನು ನಾವು ಬೆಂಗಳೂರಿನಿಂದ ಕಲಿತೆವು.) ಕೋಟೆಯ ಅಗಸಿ ಬಂತೆಂದರೆ ದೊರೆ ಇಳಿದು ಒಳಗೆ ಹೋಗುತ್ತಾನೆ, ಸಾರಥಿ ಬೇವಿನ ನೆರಳು ಹುಡುಕಿ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ಬಾಗಿಸಿ ಮೊಬೈಲು ತೆಗೆಯುತ್ತಾನೆ. “ಹೋಗಿ ಬರ್ರಿ ಸರ, ನಾ ಇಲ್ಲೇ ಇರ್ತೀನಿ.” ಯಾರೂ ಅವನನ್ನು ತಡೆದಿಲ್ಲ. ಕಾವಲುಗಾರನಿಲ್ಲ, ಬಾಗಿಲಿಗೆ ಕದವಿಲ್ಲ. ಆದರೂ ಅವನು ಒಳಗೆ ಬರುವುದಿಲ್ಲ. ನೋಡುವುದು ಬಾಡಿಗೆ ಕೊಟ್ಟವರ ಕೆಲಸ, ಕಾಯುವುದು ಬಾಡಿಗೆ ತೆಗೆದುಕೊಂಡವನ ಕೆಲಸ ಅಂತ ಇಬ್ಬರಿಗೂ ಹೇಳದೆಯೇ ಗೊತ್ತಿದೆ. ಕೋಟೆ ಬಿದ್ದರೂ ಹೊರಗು ಒಳಗಿನ ಲೆಕ್ಕ ಬೀಳಲಿಲ್ಲ.

ರಾಯಚೂರಿನಲ್ಲಿ ಒಮ್ಮೆ ನಮ್ಮ ಡ್ರೈವರ್ ಹುಡುಗನನ್ನು ಒತ್ತಾಯ ಮಾಡಿ ಒಳಗೆ ಕರೆದುಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಮಗ್ಗುಲಲ್ಲೇ ಕೋಟೆ. ಬಸ್ಸಿನವರು “ಮಾನ್ವಿ, ಸಿಂಧನೂರ” ಅಂತ ಕೂಗುವ ಸದ್ದು ಗೋಡೆಗೆ ಬಡಿದು ಬರುತ್ತದೆ. ಒಳಕೋಟೆಯ ಪಡುವಣ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಸೇನಾನಿ ವಿಠ್ಠಲನಾಥ ಆದವಾನಿ, ತುಂಬಳ, ಮಾನುವ ಮುಂತಾದ ಕೋಟೆಗಳನ್ನು ಗೆದ್ದು ರಾಯಚೂರಿಗೆ ಬಂದದ್ದು, ಗೋರೆ ಗನ್ನಯ ರೆಡ್ಡಿ ಈ ಕೋಟೆ ಕಟ್ಟಿದ್ದು ಅದರ ಸಾರ. ಆ ಮಾನುವವೇ ನಮ್ಮ ಮಾನ್ವಿ. ಇಂಥ ಶಾಸನಗಳು ನಾಡಿನಲ್ಲಿ ಸಾವಿರಾರಿವೆ. ನಾನು ಬೇರೆಲ್ಲೂ ಕಾಣದ್ದು ಶಾಸನದ ಪಕ್ಕದಲ್ಲಿ ಗೀಚಿದ ಚಿತ್ರ. ಇದೇ ಕಲ್ಲನ್ನು ಬಂಡಿಯ ಮೇಲೆ ಹೇರಿ ತರುತ್ತಿರುವ ಚಿತ್ರ ಅದು. ಅರೆಯಿಲ್ಲದ ದಿಮ್ಮಿಗಾಲಿಗಳು, ಮುಂದೆ ಜೋಡಿ ಜೋಡಿಯಾಗಿ ಸಾಲುಗಟ್ಟಿದ ಕೋಣಗಳು, ನಡುನಡುವೆ ಕೈಯೆತ್ತಿ ಹುರಿದುಂಬಿಸುವ ಬಂಡಿ ಹೊಡೆಯುವವರು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಮಂದಿ.

ನಾನು ಶಾಸನದ ಕಡೆ ನೋಡುತ್ತಾ ಏನೋ ವಿವರಿಸುತ್ತಿದ್ದೆ. ಹುಡುಗ ಕೇಳಿಸಿಕೊಳ್ಳುತ್ತಿರಲಿಲ್ಲ. ಚಿತ್ರದ ಹಿಂಬದಿಯ ಮಂದಿಯ ಹತ್ತಿರ ಬಗ್ಗಿ ನಿಂತಿದ್ದ. “ಗಾಡಿ ಹುಗಿದೈತ್ರಿ ಸರ,” ಅಂದ. “ಎರಿ ಭೂಮಿ ನೋಡ್ರಿ. ಮುಂದ ಎಷ್ಟು ಕ್ವಾಣ ಕಟ್ಟಿದ್ರೂ ಬರಂಗಿಲ್ಲ, ಹಿಂದ ಹಾರಿ ಹಾಕಿ ಎತ್ತಬೇಕು. ಎತ್ತಾಕ ಹತ್ಯಾರ ನೋಡ್ರಿ ಇವ್ರು.” ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ತನ್ನ ಕಾರು ಹುಗಿದಾಗ ಏನೇನು ಮಾಡಬೇಕಾಯಿತು ಅಂತ ಆಮೇಲೆ ವಿಸ್ತಾರವಾಗಿ ಹೇಳಿದ. ಕಲ್ಲು ನಿಜವಾಗಿ ಹುಗಿದಿತ್ತೋ ಇಲ್ಲವೋ, ಚಿತ್ರ ಬಿಡಿಸಿದವನು ಮರೆಯಬಾರದೆಂದು ಬಯಸಿದ್ದು ಆ ದಣಿವನ್ನೇ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಗೆದ್ದವನ ಬಿರುದಿನ ಮಗ್ಗುಲಲ್ಲಿ ಗಾಡಿ ಹೊಡೆದವನಿಗೂ ಜಾಗ ಕೊಟ್ಟ ಕೋಟೆ ನನಗೆ ತಿಳಿದಂತೆ ಇದೊಂದೇ. ಅದನ್ನು ಸರಿಯಾಗಿ ಓದುವ ಓದುಗನನ್ನು ನಾವು ದಿನಾ ಬೇವಿನ ಮರದ ಕೆಳಗೆ ಬಿಟ್ಟು ಒಳಗೆ ಹೋಗುತ್ತೇವೆ.

ಅದೇ ಕೋಟೆಯ 1520ರ ಸಂಗತಿಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಮೇ 19ರ ಕದನದಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹಾ ಸೋತು ಕೃಷ್ಣೆ ದಾಟಿ ಹೋದ ಕಥೆ, ಕೃಷ್ಣದೇವರಾಯನ ಗೆಲುವು, ಅವನ ಕಡೆ ಸೇರಿದ ಪೋರ್ಚುಗೀಸ ಕ್ರಿಸ್ತೊವಾವ್ ದೆ ಫಿಗೆರೆದೊನ ಬಂದೂಕಿನವರು ಗೋಡೆಯ ಮೇಲಿನವರನ್ನು ಹೆಕ್ಕಿ ಹೊಡೆದದ್ದು, ಇವೆಲ್ಲ ಪಾಠದ ಪುಸ್ತಕಗಳಿಗೂ ಬಂದಿವೆ. ಬಾರದ ಒಂದು ವಿವರ ಇದೆ. ಮುತ್ತಿಗೆ ಹಾಕಿದವರ ಕೈಯಲ್ಲಿ ಗೋಡೆ ಒಡೆಯಲು ಇದ್ದದ್ದು ಗುದ್ದಲಿ, ಹಾರೆಗಳು. ಮೇಲಿನಿಂದ ಕಲ್ಲು, ಗುಂಡು, ಬಾಣದ ಮಳೆ. ಯಾರೂ ಗೋಡೆಯ ಬುಡಕ್ಕೆ ಹೋಗಲೊಲ್ಲರು. ಆಗ ನಾಯಕರು ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಪಣ ಕೊಡತೊಡಗಿದರಂತೆ. ದೊಡ್ಡ ಕಲ್ಲಿಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ಕೋಣ ಹೂಡಿ ಹೇರಿಕೊಂಡು ಬಂದು ನಿಲ್ಲಿಸಿದ ಗೋಡೆಯನ್ನು ಎರಡು ಶತಮಾನದ ಮೇಲೆ ಇನ್ನೊಂದು ಕೂಲಿಮಂದಿ ಕಲ್ಲಿಗಿಷ್ಟು ಅಂತ ಬಿಚ್ಚಿದರು. ಏರಿಸಿದ್ದೂ ಕೂಲಿ, ಇಳಿಸಿದ್ದೂ ಕೂಲಿ. ನಡುವೆ ಯಾರು ಆಳಿದರೆನ್ನುವುದು ಆ ಕೈಗಳಿಗೆ ಅಷ್ಟೇನೂ ಸಂಬಂಧಪಟ್ಟ ವಿಷಯವಾಗಿರಲಾರದು.

ಹೀಗೆಂದ ಮಾತ್ರಕ್ಕೆ ಕೋಟೆಯೆಲ್ಲ ಬರೀ ಶೋಷಣೆ, ನೋಡಬಾರದು ಅಂತ ನಾನು ಹೇಳುತ್ತಿಲ್ಲ. ಅದೂ ಸುಲಭದ ತೀರ್ಮಾನವೇ. ದಂಡು ಬಂದಾಗ ಸುತ್ತಲಿನ ಒಕ್ಕಲಮಂದಿ ದನಕರು ಸಮೇತ ಒಳಗೆ ಸೇರಿಕೊಂಡು ಜೀವ ಉಳಿಸಿಕೊಂಡದ್ದೂ ಇಂಥ ಗೋಡೆಗಳ ಹಿಂದೆಯೇ. ಮುದಗಲ್ಲು ಕೋಟೆಯ ಒಳಗೆ ಇವತ್ತಿಗೂ ಮನೆಗಳಿವೆ, ಎಮ್ಮೆ ಕಟ್ಟುತ್ತಾರೆ, ಮೊಹರಮ್ಮಿಗೆ ಎಲ್ಲ ಜಾತಿಯವರೂ ಆಲಂ ಮುಂದೆ ನೆರೆಯುತ್ತಾರೆ. ಮಾಲಹೈಡ್‌ನಂತೆ ಟಿಕೆಟ್ಟು ಇಟ್ಟು, ಹುಲ್ಲು ಕತ್ತರಿಸಿ, ಕಾಫಿ ಅಂಗಡಿ ತೆರೆದರೆ ಇವು ಚೆಂದ ಕಾಣುತ್ತವೆ ನಿಜ. ಆ ಚೆಂದ ಬರಬೇಕಾದರೆ ಮೊದಲು ಈ ಮಂದಿಯನ್ನು ಏಳಿಸಬೇಕು. ಹಾಗಂತ ಕಂದಕಕ್ಕೆ ಕಸ ಸುರಿಯುವುದನ್ನೂ, ಬುರುಜಿನ ಕಲ್ಲು ಕಿತ್ತು ದನದ ಕೊಟ್ಟಿಗೆಗೆ ಹಾಕುವುದನ್ನೂ ನಾನು ಒಪ್ಪಲಾರೆ. ಇಲ್ಲಿ ನನಗೆ ಪೂರ್ತಿ ಒಂದು ಕಡೆ ನಿಲ್ಲಲು ಆಗಿಲ್ಲ.

ಕವಿತಾಳಕ್ಕೆ ಹತ್ತಿರದಲ್ಲೇ ಮಸ್ಕಿ ಇದೆ. ಗೋಡೆಯೇ ಇಲ್ಲದ ರಾಜನ ಗುರುತು ಅಲ್ಲಿ ಸಿಗುತ್ತದೆ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಕಂಡ ಬಂಡೆ; ದೇವಾನಾಂಪ್ರಿಯ ಎಂಬಾತ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ, ಸಣ್ಣವರೂ ಮುಟ್ಟಬಲ್ಲರು ಅನ್ನುವುದು ಅದರ ತಾತ್ಪರ್ಯ. ಆ ಬಂಡೆಗೆ ಯಾರೂ ಮುತ್ತಿಗೆ ಹಾಕಲಿಲ್ಲ. ಗೆಲ್ಲಲಿಕ್ಕೆ ಅದರೊಳಗೆ ಏನೂ ಇರಲಿಲ್ಲ.

“ಏನೈತ್ರಿ ಅಲ್ಲಿ?” ಅಂತ ಈಗ ಯಾರಾದರೂ ಕೇಳಿದರೆ ನಾನು ರಾಜರ ಪಟ್ಟಿ ಹೇಳಲು ಹೋಗುವುದಿಲ್ಲ. ನಿನ್ನ ಕಸುಬಿನವರ ಪಟ ಐತಪ್ಪ, ಬಾ ತೋರಿಸ್ತೀನಿ ಅನ್ನುತ್ತೇನೆ. ನೀವೂ ಹೋಗುವುದಿದ್ದರೆ ಬಾಡಿಗೆ ಮಾತಾಡುವಾಗಲೇ ಡ್ರೈವರಿಗೆ ಹೇಳಿಬಿಡಿ, ಕಾರು ಲಾಕ್ ಮಾಡಿ ಒಳಗೆ ಬರಬೇಕು ಅಂತ. ನಡುಹಗಲಿನ ಬಿಸಿಲಿಗೆ ಆ ಗೀಚುಗೆರೆಗಳು ಕಣ್ಣಿಗೆ ಹತ್ತುವುದಿಲ್ಲ. ಬಿಸಿಲು ಅಡ್ಡ ಬೀಳುವ ಹೊತ್ತು ನೋಡಿಕೊಂಡು ಹೋಗಿ. ಮೊದಲು ಕೋಣಗಳನ್ನು ಎಣಿಸಿ, ಶಾಸನವನ್ನು ಆಮೇಲೆ ಓದಿದರಾಯಿತು.