ದಾರಿಯ ಮುಯ್ಯಿ

ಯುಗಾದಿಗೆ ಇನ್ನೂ ಎಂಟು-ಹತ್ತು ದಿನ ಇರುವಾಗಲೇ ಗದ್ವಾಲ ಸೀಮೆಯ ಐಜದ ರಸ್ತೆಯಲ್ಲಿ ಕನ್ನಡ ಕೇಳಿಸತೊಡಗುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೊರಟವರು. ಹೆಗಲ ಮೇಲೆ ಮಲ್ಲಯ್ಯನ ಕಂಬಿ, ತಲೆಗೆ ಟವೆಲ್ಲು, ಬೊಬ್ಬೆ ಎದ್ದ ಪಾದಕ್ಕೆ ಸುತ್ತಿದ ಬಟ್ಟೆ. ಒಂದು ವರ್ಷ ನಾವು ಕೆಲವರು ಅವರಿಗೆ ಮಜ್ಜಿಗೆ ಕೊಡಲು ರಸ್ತೆ ಬದಿಯಲ್ಲಿ ನಿಂತಿದ್ದೆವು. ಒಂದು ಗುಂಪು ದಾಟಿ ಹೋದ ಮೇಲೆ ಬಹಳ ಹೊತ್ತಿಗೆ ಒಬ್ಬ ಅಜ್ಜ ಬಂದ. ದಣಿದು ಹಿಂದೆ ಬಿದ್ದಿದ್ದಾನೆ ಅಂದುಕೊಂಡೆ. ಹತ್ತಿರ ಬಂದಾಗ ಗೊತ್ತಾಯಿತು: ಹಾದಿಗೆ ಬಿದ್ದ ಜಾಲಿಯ ಮುಳ್ಳುಟೊಂಗೆಗಳನ್ನು ಕೋಲಿನಿಂದ ಎತ್ತಿ ಎತ್ತಿ ಬೇಲಿಗೆ ಸೇರಿಸುತ್ತ ಬರುತ್ತಿದ್ದ.

"ಯಜ್ಜಾ, ನಿಮ್ಮ ಮಂದಿ ಮುಂದ ಹೋಗಿಬಿಟ್ರು" ಎಂದೆ.

"ಹೋಗ್ಲಿ ತಮ್ಮಾ. ಮುಳ್ಳು ನನ್ನ ಕಣ್ಣಿಗಿ ಕಂಡ್ತಲ್ಲ" ಎಂದ.

ಮಜ್ಜಿಗೆ ಕುಡಿದು ಹೊರಟುಹೋದ. ಆ ಮಾತು ಮಾತ್ರ ನನ್ನಲ್ಲೇ ಉಳಿಯಿತು. ಕಂಡವನದೇ ಕೆಲಸ. ಯಾರು ಹಾಕಿದರು, ಯಾರ ಹೊಲದ್ದು, ಯಾರು ತೆಗೆಯಬೇಕು ಎಂಬ ವಿಚಾರಣೆ ಅವನಿಗೆ ಬೇಕಿರಲಿಲ್ಲ.

ಈ ದಾರಿ ನಮ್ಮ ಗಡಿಗಳಿಗಿಂತ ಹಳೆಯದು. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆಮೇಲೆ ಮೆಹಬೂಬನಗರಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ಹೊಸ ರಾಜ್ಯವಾಯಿತು, 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ಜಿಲ್ಲೆಗಳಾದವು. ಮಕ್ತಲ್ ಆಚೆಗಿನ ಕೃಷ್ಣಾ ಮಂಡಲದಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ಇತ್ತ ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ನಕ್ಷೆಯ ಗೆರೆ ಎಷ್ಟು ಸಲ ಸರಿದರೂ ಶ್ರೀಶೈಲಕ್ಕೆ ಹೋಗುವವರು ಬರುವುದು ನಿಲ್ಲಲಿಲ್ಲ. ಭ್ರಮರಾಂಬೆ ಕನ್ನಡಿಗರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳಿಗೆ ಸೀರೆ, ಅರಿಶಿನ ಕುಂಕುಮ ಒಯ್ಯುವ ತವರಿನವರು ಇವರು. ತವರಿನವರು ನಡೆಯುವ ಹಾದಿಗೆ ಬಾಗಿಲು ಹಾಕುವವರು ಯಾರು?

ಆದರೆ ಕರ್ನೂಲು, ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದರೆ ಊರಿನ ದಾರಿ ಮುಗಿದು ಕಾಡಿನ ದಾರಿ ಸುರುವಾಗುತ್ತದೆ. ನಾಗಲೂಟಿಯ ವೀರಭದ್ರ, ಪೆಚ್ಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರ. ಅದು ನಲ್ಲಮಲ, ದೇಶದಲ್ಲೇ ದೊಡ್ಡದಾದ ನಾಗಾರ್ಜುನಸಾಗರ-ಶ್ರೀಶೈಲಂ ಹುಲಿ ರಕ್ಷಿತಾರಣ್ಯ. ಕೃಷ್ಣೆಯ ಉತ್ತರ ದಂಡೆಯ, ನಮ್ಮ ರಾಜ್ಯದ ಕಾಡು ಈಗ ಅಮ್ರಾಬಾದ್ ಹುಲಿ ರಕ್ಷಿತಾರಣ್ಯ ಎನಿಸಿಕೊಂಡಿದೆ. ಅಲ್ಲಿ ಹುಲಿಯ ಮನೆಯಿದೆ, ಚೆಂಚು ಬುಡಕಟ್ಟಿನವರ ಹಟ್ಟಿಗಳಿವೆ. ಆ ಹಾದಿ ವರ್ಷವಿಡೀ ನಮಗೆ ತೆರೆದಿರುವುದಿಲ್ಲ. ಶಿವರಾತ್ರಿಗೆ, ಯುಗಾದಿಗೆ ಅರಣ್ಯ ಇಲಾಖೆ ಕೆಲವು ದಿನ ಬಿಡುತ್ತದೆ. ಅಂದರೆ ಅಲ್ಲಿ ನಾವು ಬೀಗರ ಮನೆಗೆ ಹೋದ ಹಾಗೆ ಹೋಗುತ್ತೇವೆ. ಬೀಗರ ಮನೆಯಲ್ಲಿ ಎಲ್ಲಿ ಕೂಡಬೇಕು, ಯಾವಾಗ ಏಳಬೇಕು ಎಂಬುದು ತಿಳಿದಿರಬೇಕು.

ಕಾಡಿನ ಕಾಲುಹಾದಿಯೆಂಬುದು ಒಮ್ಮೆ ಮಾಡಿ ಮುಗಿಯುವ ವಸ್ತುವಲ್ಲ. ನಾರಾಯಣಪೇಟೆ ಜಿಲ್ಲೆಯ ಮುಡುಮಾಲಿನಲ್ಲಿ, ಕೃಷ್ಣೆಯ ದಂಡೆಯ ಹತ್ತಿರ, 3,000 ವರ್ಷಕ್ಕೂ ಹಳೆಯ ನಿಲುಗಲ್ಲುಗಳಿವೆ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ನೆಟ್ಟವರ ಹೆಸರು ಅಳಿದು ಯಾವ ಕಾಲವಾಯಿತೋ, ಕಲ್ಲು ನಿಂತಿವೆ. ದಾರಿಗೆ ಆ ಭಾಗ್ಯವಿಲ್ಲ. ಎರಡು ಮಳೆಗಾಲ ಯಾರೂ ನೋಡದಿದ್ದರೆ ಸಾಕು, ಕಾಡು ಅದನ್ನು ಮರಳಿ ತಗೊಳ್ಳುತ್ತದೆ. ಇಳಿಜಾರಿನಲ್ಲಿ ಹರಿಯುವ ನೀರಿಗೆ ಮನುಷ್ಯರ ಹಾದಿಯೇ ಸುಲಭದ ಕಾಲುವೆ. ಮೊದಲು ಮಣ್ಣು ಹೋಗುತ್ತದೆ, ಆಮೇಲೆ ಕಲ್ಲು ಸಡಿಲಾಗುತ್ತದೆ. ಹಾದಿ ಕೊರಕಲಾದಾಗ ನಡೆಯುವವರು ಪಕ್ಕಕ್ಕೆ ಸರಿಯುತ್ತಾರೆ, ಅಲ್ಲಿ ಇನ್ನೊಂದು ಹಾದಿ ಬೀಳುತ್ತದೆ, ಅದರ ಪಕ್ಕ ಮತ್ತೊಂದು. ಹಾದಿ ಕೆಟ್ಟರೆ ಕಾಡೂ ಅಗಲಕ್ಕೆ ಕೆಡುತ್ತದೆ. ಒಂದೇ ಹಾದಿಯನ್ನು ಚೆನ್ನಾಗಿಡುವುದೆಂದರೆ ಉಳಿದ ಕಾಡನ್ನು ಅದರ ಪಾಡಿಗೆ ಬಿಡುವುದು.

ಇದಕ್ಕೆ ಹೊಲದ ಕೆಲಸದ ಹಾಗೆಯೇ ಹದವಿದೆ. ಮಳೆ ನಿಂತ ಮೇಲೆ, ಕಾರ್ತಿಕದ ಹೊತ್ತಿಗೆ, ಹಾದಿಯನ್ನು ಒಮ್ಮೆ ನಡೆದು ನೋಡಬೇಕು: ಎಲ್ಲಿ ಮರ ಬಿದ್ದಿದೆ, ಎಲ್ಲಿ ಮೆಟ್ಟಿಲು ಕಿತ್ತಿದೆ, ನೀರು ಎಲ್ಲಿ ನುಗ್ಗಿದೆ. ನೀರನ್ನು ಬದಿಗೆ ತಿರುಗಿಸಲು ಅಡ್ಡಕ್ಕೆ ಕಲ್ಲು ಕೂಡಿಸುವ ಕೆಲಸ ನೆಲ ಇನ್ನೂ ಮೆತ್ತಗಿರುವಾಗಲೇ ಆಗಬೇಕು. ಪುಷ್ಯದಲ್ಲಿ ಹಾದಿಗೆ ಚಾಚಿದ ಲಂಟಾನ, ಒಣಗಿದ ಹುಲ್ಲು ಸವರಬೇಕು. ಮಾಘದೊಳಗೆ ಬೆಂಕಿ ರೇಖೆ ಸಿದ್ಧವಿರಬೇಕು, ಏಕೆಂದರೆ ಫಾಲ್ಗುಣದಲ್ಲಿ ನಲ್ಲಮಲದ ಎಲೆಯೆಲ್ಲ ನೆಲದಲ್ಲಿರುತ್ತದೆ. ಬಿದಿರು, ತೇಗ ಒಣಗಿ ಒಂದು ಕಿಡಿಗೆ ಕಾದಿರುವ ಆ ಹೊತ್ತಿಗೇ ಸಾವಿರಾರು ಜನ ಬರುತ್ತಾರೆ, ಬೀಡಿ ಹಚ್ಚುವವರೂ ಒಲೆ ಹೂಡುವವರೂ ಅವರಲ್ಲಿರುತ್ತಾರೆ. ಕಾಡಿನಲ್ಲಿ ನೀರು ಕಡಿಮೆಯಾಗುತ್ತ ಬರುವ ದಿನಗಳೂ ಅವೇ. ಎಲ್ಲ ಮುಗಿದ ಮೇಲೆ, ಮುಂಗಾರಿನ ಮೊದಲ ಮಳೆ ಕಸವನ್ನು ಹಳ್ಳಕ್ಕೆ ತಳ್ಳುವ ಮುನ್ನ, ಬಿಟ್ಟುಬಂದದ್ದನ್ನೆಲ್ಲ ಹೊತ್ತು ತರಬೇಕು.

ಅರಣ್ಯದವರು, ದೇವಸ್ಥಾನದವರು, ಕಾಡಂಚಿನ ಪಂಚಾಯ್ತಿಗಳು, ಕಾಡನ್ನು ಅಂಗೈಯಂತೆ ಬಲ್ಲ ಚೆಂಚು ಕಾವಲುಗಾರರು, ಕರ್ನಾಟಕದಿಂದ ಅಕ್ಕಿ ಬೇಳೆ ಕಟ್ಟಿಕೊಂಡು ಬರುವ ದಾಸೋಹದ ಬಳಗಗಳು, ಎಲ್ಲರ ಕೈಯೂ ಇದರಲ್ಲಿ ಬೇಕು. ಎಲ್ಲರ ಮನಸ್ಸೂ ಒಳ್ಳೆಯದೇ. ಆದರೆ ಒಳ್ಳೆಯ ಮನಸ್ಸುಗಳು ಒಂದನ್ನೊಂದು ಕೇಳದೆ ಕೆಲಸಕ್ಕಿಳಿದರೆ ಏನಾಗುತ್ತದೆ? ಒಬ್ಬರು ಪೊದೆ ಕಡಿದು ಹಾದಿ ಪಕ್ಕದಲ್ಲೇ ಒಟ್ಟುತ್ತಾರೆ. ಫಾಲ್ಗುಣಕ್ಕೆ ಅದೇ ಬೆಂಕಿಗೆ ಮೇವು. ಇನ್ನೊಬ್ಬರು ನೀರಿನ ಅನುಕೂಲ ನೋಡಿ ಕೊಳದ ದಡದಲ್ಲೇ ಒಲೆ ಹೂಡುತ್ತಾರೆ. ಆ ರಾತ್ರಿ ಕಡವೆ ನೀರಿಗೆ ಬಾರದೆ ತಿರುಗುತ್ತದೆ. ಹತ್ತು ಬಳಗ ಒಂದೇ ತಾಣದಲ್ಲಿ ಅನ್ನ ಹಾಕುತ್ತವೆ. ಮುಂದಿನ ಏರಿನಲ್ಲಿ ಬಾಯಾರಿದವನಿಗೆ ಒಂದು ಚೊಂಬು ನೀರಿಲ್ಲ.

ನನ್ನದೂ ಒಂದು ತಪ್ಪಿದೆ. ಅಜ್ಜನಿಗೆ ಮಜ್ಜಿಗೆ ಕೊಟ್ಟೆವಲ್ಲ, ಕೊಟ್ಟದ್ದು ಪ್ಲಾಸ್ಟಿಕ್ ಲೋಟದಲ್ಲಿ. ಸಂಜೆ ಕೊಡ ಬರಿದಾದಾಗ ಸೇವೆ ಮುಗಿಯಿತೆಂದು ಮನೆಗೆ ಬಂದೆವು. ಮರುದಿನ ಅದೇ ರಸ್ತೆಯಲ್ಲಿ ಹೋಗುವಾಗ ನಮ್ಮ ಲೋಟಗಳು ಹತ್ತಿಯ ಹೊಲದ ಬೇಲಿಗೆ, ಕಾಲುವೆಗೆ, ಆ ಅಜ್ಜ ಸರಿಸಿಟ್ಟ ಜಾಲಿ ಮುಳ್ಳಿಗೂ ಸಿಕ್ಕಿಕೊಂಡಿದ್ದವು. ಅವನು ಶುಚಿ ಮಾಡಿ ಹೋದ ಹಾದಿಯನ್ನು ಪುಣ್ಯದ ಹೆಸರಿನಲ್ಲಿ ನಾವು ಕೆಡಿಸಿದ್ದೆವು. ಊರ ರಸ್ತೆಯಲ್ಲೇ ಹೀಗಾದರೆ, ಜಿಂಕೆ ಮೇಯುವಲ್ಲಿ? ಅಂದಿನಿಂದ ನಮ್ಮದು ಸ್ಟೀಲ್ ಲೋಟ, ತೊಳೆಯಲು ಒಂದು ಬಾನಿ, ತೊಳೆಯುವವರಿಗೆ ಒಂದು ಪಾಳಿ.

ಪಾಳಿ ಎಂಬ ಮಾತನ್ನು ನಮ್ಮ ರೈತರು ಬಲ್ಲರು. ಕಾಲುವೆಯ ನೀರಿಗೆ ಪಾಳಿ ಇರುತ್ತದೆ. ಇಲ್ಲದಿದ್ದರೆ ತಲೆಗಟ್ಟಿನವನ ಹೊಲ ಕೊಳೆಯುತ್ತದೆ, ಕೊನೆಯವನದು ಒಣಗುತ್ತದೆ. ಪುಣ್ಯದ ಕೆಲಸಕ್ಕೂ ಪಾಳಿ ಬೇಕು ಎಂದು ನನಗನಿಸುವುದು ಇದಕ್ಕೇ. ಹಬ್ಬದ ದಿನ ಅನ್ನ ಬಡಿಸಲು ನೂರು ಕೈ. ಪುಷ್ಯದ ಚಳಿಯಲ್ಲಿ ಮುಳ್ಳು ಸವರಲು ಹತ್ತು ಕೈ ಸಿಗುವುದು ಕಷ್ಟ. ಜಾತ್ರೆ ಕಳೆದ ಮೇಲೆ ಎಂಜಲೆಲೆ ಆಯಲು ಇನ್ನೂ ಕಷ್ಟ, ಏಕೆಂದರೆ ಕೈಮುಗಿಯುವವರು ಅಲ್ಲಿ ಯಾರೂ ಇರುವುದಿಲ್ಲ. ನನ್ನ ಪಾಳಿ ಪುಷ್ಯದ್ದಾದರೆ ಪುಷ್ಯದ್ದು, ಕೊನೆಯದಾದರೆ ಕೊನೆಯದು ಎಂದು ಒಪ್ಪಿಕೊಳ್ಳುವುದಕ್ಕೆ ಭಕ್ತಿಯಷ್ಟೇ ವಿನಯವೂ ಬೇಕು. ಹತ್ತು ಜನರನ್ನು ಕೂಡಿಸಿ, ಯಾರು ಎಲ್ಲಿ, ಯಾವಾಗ ಎಂದು ಹೊಂದಿಸುವವನ ಕೆಲಸ ಕಾಗದದ್ದೆಂದು ಕಾಣುತ್ತದೆ. ನಿಜದಲ್ಲಿ ಅವನು ಯಾರ ಕಣ್ಣೂ ಬೀಳದ ಮುಳ್ಳನ್ನು ಎಲ್ಲರ ಪರವಾಗಿ ಮೊದಲೇ ನೋಡುತ್ತಿರುತ್ತಾನೆ. ಒಬ್ಬ ಅಜ್ಜನ ಕಣ್ಣಿಗೆ ಒಂದು ಟೊಂಗೆ ಕಂಡೀತು. ಇಡೀ ಕಾಡಿನ ಹಾದಿ ಕಾಣಬೇಕಾದರೆ ಅನೇಕರ ಕಣ್ಣು ಒಂದಾಗಬೇಕು.

ಹೊಲದಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಇಂದು ನಿನ್ನ ಹೊಲದ ಕಳೆಗೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು ಬರುತ್ತೀ. ದಾರಿಯದೂ ಮುಯ್ಯಿಯೇ, ಆದರೆ ಇದನ್ನು ಕೊಟ್ಟವನಿಗೆ ತೀರಿಸಲು ಬರುವುದಿಲ್ಲ. ಶ್ರೀಶೈಲದಲ್ಲಿ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು 14ನೇ ಶತಮಾನದ ಕೊನೆಗೆ ಕಟ್ಟಿಸಿದವಳು ವಿಜಯನಗರದ ಎರಡನೇ ಹರಿಹರನ ರಾಣಿ ವಿಠಲಾಂಬೆ. ಅವಳಿಗೆ ನಾವೇನು ಮರಳಿಸಬಲ್ಲೆವು? ಅವಳ ಹೆಸರಾದರೂ ಉಳಿದಿದೆ. ಕಲ್ಲು ಹೊತ್ತವರ, ಪ್ರತಿ ವರ್ಷ ಮುಳ್ಳು ಸವರಿದವರ ಹೆಸರೂ ಇಲ್ಲ. ಹಿಂದಿನವರಿಂದ ಪಡೆದದ್ದನ್ನು ಮುಂದೆ ಬರುವವನಿಗೆ ಕೊಟ್ಟು ತೀರಿಸಬೇಕು. ಆ ಮುಂದಿನವರಲ್ಲಿ ಮನುಷ್ಯರಷ್ಟೇ ಇಲ್ಲ. ನಾವು ಹೋದ ಮೇಲೆ ಆ ಹಾದಿಯಲ್ಲಿ ರಾತ್ರಿ ಹುಲಿ ನಡೆಯುತ್ತದೆ, ಕರಡಿ ಮರಿಗಳನ್ನು ಬೆನ್ನಿಗೆ ಹಾಕಿಕೊಂಡು ದಾಟುತ್ತದೆ. ಅವುಗಳ ಪಾದಕ್ಕೆ ನಮ್ಮ ಬಾಟಲಿಯ ಚೂರು ತಾಗದಿರುವುದೂ ಆ ಮುಯ್ಯಿಯ ಲೆಕ್ಕದಲ್ಲೇ ಬರುತ್ತದೆ.

ಯಾತ್ರೆ ಗುಡಿಯ ಬಾಗಿಲಿಗೆ ಮುಗಿಯುತ್ತದೆಂದು ನಾನು ಬಹಳ ಕಾಲ ನಂಬಿದ್ದೆ. ಈಗ ಹಾಗನಿಸುವುದಿಲ್ಲ. ಯುಗಾದಿ ಕಳೆದು ಕಂಬಿಗಳು ಊರಿಗೆ ಮರಳಿದ ಮೇಲೆ ನಾವು ನಾಲ್ಕು ಜನ ಗೋಣಿಚೀಲ ಹಿಡಿದು ಐಜದ ರಸ್ತೆಗೆ ಹೋಗುತ್ತೇವೆ. ಬಿಸಿಲು ಸುಡುತ್ತಿರುತ್ತದೆ, ರಸ್ತೆ ಬರಿದಾಗಿರುತ್ತದೆ. ಕಳೆದ ಸಲ ಜೊತೆಗೆ ಬಂದ ಹುಡುಗನೊಬ್ಬ ಕೇಳಿದ, "ಇವು ನಮ್ಮ ಲೋಟ ಅಲ್ಲಲ್ಲ ಮಾವಾ, ನಾವ್ಯಾಕ ಆರಿಸಬೇಕು?"

"ಕಂಡ್ತಲ್ಲಪ್ಪಾ" ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಬೇಲಿಯ ಕಡೆಗೆ ಬಗ್ಗಿದ.